ಮೇಸ್ತ್ರಿ ಕೂತ ಮೂಲೆ

ಒಂದು ಕಾಡಿನಲ್ಲಿ, ಹುಣಸೆ ಮರದ ಬುಡದ ಬಿಲದಲ್ಲಿ, ಚೂಪಮ್ಮ ಎಂಬ ಮುಳ್ಳುಹಂದಿ ಇದ್ದಳು. ಅವಳ ಮಗಳು ಪುಟ್ಟಿ ಹೆರಿಗೆಗೆ ತವರಿಗೆ ಬರುವವಳಿದ್ದಳು. ಬಿಲದ ನೆಲವೋ ಸದಾ ತೇವ. ಎಳೆಗೂಸುಗಳಿಗೆ ಶೀತವಾದರೆ ಗತಿಯೇನು? ಕಾಡಂಚಿನ ಪಾಳು ಬಂಗಲೆಯಿಂದ ಹಸಿರು ಟೈಲ್ಸ್ ಹೊತ್ತು ತಂದು, ಚೂಪಮ್ಮ ಮೇಸ್ತ್ರಿ ಕೆಲಸದ ನರಿ ಕೆಂಚಪ್ಪನನ್ನು ಕರೆಸಿದಳು.

ಕೆಂಚಪ್ಪ ಬಂದ. ಬಿಲದೊಳಗೆ ಅಡ್ಡಾದಿಡ್ಡಿ ಹಾದುಹೋಗಿದ್ದ ಹುಣಸೆ ಬೇರು ನೋಡಿ ಲೊಚಗುಟ್ಟಿದ.

"ಏನಮ್ಮಾ ಇದು, ಮನೆಯೋ ಜಿಲೇಬಿಯೋ? ಒಂದು ಮೂಲೆಯೂ ನೆಟ್ಟಗಿಲ್ಲವಲ್ಲ!"

"ಬೇರಿನ ಸುತ್ತ ಕತ್ತರಿಸಿ ಕೂರಿಸಿಕೊಡಪ್ಪಾ. ಮಗಳು ಬರೋದರೊಳಗೆ ಆಗಬೇಕು."

ಕೆಂಚಪ್ಪ ಗೇಣು ಹಾಕಿ ಅಳೆದ. ಕರ್ರ್ ಎಂದು ಕತ್ತರಿಸಿದ. ಕೂರಿಸಿ ನೋಡಿದರೆ, ಬೇರಿಗೂ ಟೈಲ್ಸಿಗೂ ನಡುವೆ ಇಲಿ ಸಂಸಾರ ಹೂಡುವಷ್ಟು ಸಂದು!

"ಬೇರು ಉಸಿರಾಡ್ತಿದೆ ಕಣಮ್ಮಾ. ಅಳೆಯುವಾಗ ಉಬ್ಬಿತ್ತು, ಈಗ ಇಳಿದಿದೆ. ಇದು ವೇಸ್ಟು. ಇನ್ನೊಂದು ಕೊಡಿ."

ಇನ್ನೊಂದೂ ವೇಸ್ಟಾಯಿತು. ಮತ್ತೊಂದೂ. ಸಂಜೆಯಾದರೆ ವೇಸ್ಟಾದ ತುಂಡುಗಳನ್ನೆಲ್ಲ ಗೋಣಿಗೆ ತುಂಬಿಕೊಂಡು, "ಇಲ್ಲೇ ಬಿಟ್ಟರೆ ನಿಮಗೆ ಚುಚ್ಚುತ್ತೆ" ಎನ್ನುತ್ತಿದ್ದ.

"ಮುಳ್ಳುಹಂದಿಗೆ ಚುಚ್ಚುತ್ತಾ?" ಎಂದು ಚೂಪಮ್ಮ ನಕ್ಕಳೇ ಹೊರತು ಅನುಮಾನಪಡಲಿಲ್ಲ.

ನಿಜವೇನೆಂದರೆ, ಕೆಂಚಪ್ಪ ಅಳೆಯುತ್ತಿದ್ದದ್ದು ಅವಳ ಮನೆ, ಕತ್ತರಿಸುತ್ತಿದ್ದದ್ದು ತನ್ನ ಗುಹೆಯ ಸೊಟ್ಟ ಮೂಲೆಗಳ ಲೆಕ್ಕಕ್ಕೆ.

ಟೈಲ್ಸೆಲ್ಲ ಖಾಲಿಯಾದ ಮೇಲೆ ಅವನು ಚೂಪಮ್ಮನ ಕಡೆ ತಲೆ ಹಾಕಲಿಲ್ಲ. ತನ್ನ ಗುಹೆಯಲ್ಲೇ ಸಿಮೆಂಟ್ ಕಲಸಿದ. ಮೇಸ್ತ್ರಿಗಳು ಒಳಮೂಲೆಯಿಂದ ಶುರುಮಾಡಿ, ಹಿಂದೆ ಸರಿಯುತ್ತಾ ಬಾಗಿಲಿಗೆ ಬರುತ್ತಾರೆ. ಕೆಂಚಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ದಾರಿಹೋಕರು ಬೇಗ ನೋಡಿ ಹೊಟ್ಟೆ ಉರಿದುಕೊಳ್ಳಲಿ ಎಂದು ಬಾಗಿಲಿನಿಂದಲೇ ಶುರುಮಾಡಿದ. ಒಂದೊಂದು ತುಂಡೂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಖುಷಿಯಲ್ಲಿ ಒಳಗೊಳಗೆ ಸರಿದ. ಕೊನೆಗೆ ಒಂದೇ ತುಂಡು ಕೈಯಲ್ಲಿತ್ತು. ಅದರ ಜಾಗದಲ್ಲಿ ಅವನೇ ಕೂತಿದ್ದ!

ಹಸಿ ನೆಲ ತುಳಿದರೆ ಸಾಲು ಕೆಡುತ್ತದೆ. "ಒಣಗಲಿ, ಏನವಸರ" ಎಂದು ಗಮನವಿಲ್ಲದೆ ಬಾಲವನ್ನು ಆ ಮೂಲೆಯ ಹಸಿ ಸಿಮೆಂಟಿನ ಮೇಲೆ ಹರವಿಕೊಂಡು ನಿದ್ದೆ ಹೋದ. ಎಚ್ಚರವಾದಾಗ ನೆಲ ಒಣಗಿತ್ತು. ಜೊತೆಗೆ ಬಾಲವೂ ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಅಷ್ಟರಲ್ಲಿ ಮೇಸ್ತ್ರಿಯನ್ನು ಹುಡುಕಿಕೊಂಡು ಚೂಪಮ್ಮ ಬಂದಳು. ಅದೇ ತಾನೇ ತವರಿಗೆ ಬಂದಿದ್ದ ಪುಟ್ಟಿಯೂ ಏದುಸಿರು ಬಿಡುತ್ತಾ ಹಿಂದೆಯೇ ಬಂದಳು.

"ಇವು ನನ್ನ ಟೈಲ್ಸಲ್ವಾ ಮೇಸ್ತ್ರಿ?"

"ವೇಸ್ಟು ಕಣಮ್ಮಾ, ಬರೀ ವೇಸ್ಟು! ಮೊದಲು ನನ್ನ ಬಾಲ ಬಿಡಿಸಿ!"

ಪುಟ್ಟಿ ನೆಲ ಮುಟ್ಟಿ ನೋಡಿದಳು. ಒಂದಿಷ್ಟೂ ತೇವವಿಲ್ಲ. "ಅವ್ವಾ, ಇನ್ನು ಒಂದು ಹೆಜ್ಜೆ ಇಡೋಕೂ ನನ್ನಿಂದಾಗಲ್ಲ. ಇಲ್ಲೇ ಚೆನ್ನಾಗಿದೆ" ಎಂದು ಮಲಗಿಯೇಬಿಟ್ಟಳು.

ಸಂಜೆಯೊಳಗೆ ಮರಿಗಳು ಹುಟ್ಟಿದವು. ಬೆಚ್ಚನೆಯ ಜಾಗ ಹುಡುಕುತ್ತಾ ಹೋಗಿ, ಮುಳ್ಳುಗಳ ಸಮೇತ ಮೇಸ್ತ್ರಿಯ ಹೊಟ್ಟೆಗೆ ಒತ್ತಿಕೊಂಡವು. "ಅಯ್ಯಯ್ಯೋ!" ಎಂದು ಕೆಂಚಪ್ಪ ಹಾರಿದ ರಭಸಕ್ಕೆ ಬಾಲ ಕಿತ್ತು ಬಂತು, ಕೂದಲು ಮಾತ್ರ ಅಲ್ಲೇ ಉಳಿಯಿತು. ಬೋಳು ಬಾಲ ಹೊತ್ತು ಓಡಿದವನು ಮತ್ತೆ ಆ ಕಡೆ ಸುಳಿಯಲಿಲ್ಲ.

ಅವನು ಬಿಟ್ಟುಹೋದ ಕೊನೆಯ ತುಂಡನ್ನು ಚೂಪಮ್ಮ ಮೂಲೆಯಲ್ಲಿಟ್ಟಳು. ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು.

ನೀತಿ: ಇನ್ನೊಬ್ಬರ ಮನೆಯ ಅಳತೆ ತಪ್ಪಿಸಿ ತನ್ನ ಮನೆ ತುಂಬಿಸಿಕೊಳ್ಳುವವನಿಗೆ, ಕೊನೆಗೆ ತನ್ನ ಮನೆಯಲ್ಲೇ ಜಾಗವಿರುವುದಿಲ್ಲ.