ಬೆಲ್ಲಿ ತನ್ನ ಒಂದು ಕಾಲು ಬಚ್ಚಿಟ್ಟದ್ದು

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದು ಅಂದರೆ, ಬೆಟ್ಟ ಮುಟ್ಟಿದರೆ ಹಸಿರು ಕೈಗೆ ಅಂಟುತ್ತಿತ್ತು. ಹೊಳೆಗೆ ಯಾವ ಕಡೆ ಹರಿಯಬೇಕು ಅನ್ನೋದೇ ಗೊತ್ತಿರಲಿಲ್ಲ. ಬೆಳಿಗ್ಗೆ ಆ ಕಡೆ, ಮಧ್ಯಾಹ್ನ ಈ ಕಡೆ ಹರಿದು ಎಲ್ಲರ ಹತ್ತಿರ ಬೈಸಿಕೊಳ್ಳುತ್ತಿತ್ತು. ಇಸ್ಕೂಲಂತೂ ಇನ್ನೂ ಹುಟ್ಟೇ ಇರಲಿಲ್ಲ. ಆಗಿನ ಮಕ್ಕಳು ಪುಣ್ಯವಂತರು.

ಆದರೆ ಆ ಮಕ್ಕಳಿಗೂ ಒಂದು ಭಯ ಇತ್ತು. ಕತ್ತಲಪ್ಪನ ಭಯ.

ಸಂಜೆಯಾದರೆ ಕತ್ತಲಪ್ಪ ಬೆಟ್ಟ ಇಳಿದು ಊರೊಳಗೆ ಬರುತ್ತಿದ್ದ. ಅವನಿಗೆ ಮುಖ ಇಲ್ಲ. ಹೆಜ್ಜೆ ಸಪ್ಪಳ ಇಲ್ಲ. ಉದ್ದನೆಯ ಕಂಬಳಿ ಮಾತ್ರ. ಅಂಗಳದಿಂದ ಅಂಗಳಕ್ಕೆ ಕಂಬಳಿ ಎಳೆದುಕೊಂಡು ಹೋಗುತ್ತಾ ಒಂದೇ ಮಾತು ಹೇಳುತ್ತಿದ್ದ:

"ನಿಲ್ಲಲಾರದ್ದು ನನ್ನದು. ಗುರುತಿಲ್ಲದ್ದು ನನ್ನದು."

ಅದಕ್ಕೇ ಊರವರು ತಮ್ಮ ತಮ್ಮ ಕೋಳಿಗಳ ಕಾಲಿಗೆ ದಾರ ಕಟ್ಟುತ್ತಿದ್ದರು. ಆಚೆಮನೆಯವರದ್ದು ಹಳದಿ ದಾರ, ಈಚೆಮನೆಯವರದ್ದು ನೀಲಿ ದಾರ. ಸಣ್ಣಿ ಅನ್ನೋ ಹುಡುಗಿಯದ್ದು ಕೆಂಪು ದಾರ. ಸಣ್ಣಿಗೆ ಇದ್ದದ್ದು ಒಂದೇ ಕೋಳಿ. ಬೆಲ್ಲದ ಬಣ್ಣದ್ದು, ಹೆಸರು ಬೆಲ್ಲಿ. ಬೆಲ್ಲಿ ಅಂಗೈಯಷ್ಟು ಮರಿಯಾಗಿದ್ದಾಗಲೇ ಸಣ್ಣಿ ಅದರ ಕಾಲಿಗೆ ದಾರ ಕಟ್ಟಿದ್ದಳು. ಬೇರೆಯವರು ಒಂದು ಗಂಟು ಹಾಕಿದರೆ ಇವಳು ಗಂಟಿನ ಮೇಲೆ ಗಂಟು, ಅದರ ಮೇಲೆ ಇನ್ನೊಂದು ಗಂಟು. ಪ್ರೀತಿ ಜಾಸ್ತಿ ನೋಡಿ!

ಒಂದು ಬೆಳಿಗ್ಗೆ ಸಣ್ಣಿ ಕೋಳಿ ಮುಚ್ಚಿದ್ದ ಮಂಕರಿ ಎತ್ತಿದಳು. ದಿನಾ ಆದರೆ ಬೆಲ್ಲಿ ಪುರ್ ಅಂತ ಹೊರಗೆ ಹಾರಿ, ಮೊದಲು ಅಜ್ಜಿಯ ಒಲೆಬೂದಿ ಕೆದರಿ, ಆಮೇಲೆ ಬೈಸಿಕೊಂಡು ಓಡುತ್ತಿತ್ತು. ಆವತ್ತು ಕೂತಲ್ಲೇ ಕೂತಿತ್ತು. ರೆಕ್ಕೆ ಜೋತುಬಿದ್ದಿದ್ದವು. ಕಣ್ಣು ಅರ್ಧ ಮುಚ್ಚಿತ್ತು.

"ಬಾ ಬಾ ಬಾ" ಅಂತ ಸಣ್ಣಿ ರಾಗಿ ಚೆಲ್ಲಿದಳು. ಬೆಲ್ಲಿ ಎದ್ದಿತು, ಒಂದು ಹೆಜ್ಜೆ ಕುಂಟಿತು, ದೊಪ್ಪನೆ ಕೂತುಬಿಟ್ಟಿತು.

"ಅಜ್ಜೀ! ಬೆಲ್ಲಿಗೆ ಏನೋ ಆಗಿದೆ!"

ಅಜ್ಜಿ ಸೊಂಟ ಹಿಡಿದುಕೊಂಡು ಬಂದಳು. "ಬೂದಿ ಕೆದರಿದ್ದಕ್ಕೆ ನಿನ್ನೆ ಬೈದಿದ್ದೆ. ಮುನಿಸಿಕೊಂಡಿರಬೇಕು ಕಣೇ."

"ತಮಾಷೆ ಮಾಡಬೇಡಜ್ಜಿ. ಕಾಲು ಊರ್ತಾನೇ ಇಲ್ಲ."

ಅಜ್ಜಿ ನಗು ನಿಲ್ಲಿಸಿ ಬೆಲ್ಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮೈ ಬಿಸಿಯಾಗಿತ್ತು. ಪಾದದಲ್ಲಿ ಮುಳ್ಳು ಇದೆಯಾ ಅಂತ ನೋಡಿದಳು, ಇರಲಿಲ್ಲ. ಮೂಳೆ ಮುರಿದಿದೆಯಾ ಅಂತ ಒತ್ತಿದಳು, ಮುರಿದಿರಲಿಲ್ಲ. ಸಣ್ಣಿ ಬೆಲ್ಲದ ನೀರಲ್ಲಿ ಬೆರಳು ಅದ್ದಿ ಕೊಕ್ಕಿಗೆ ಹನಿ ಹನಿ ಬಿಟ್ಟಳು. ಒಂದು ಹನಿ ಒಳಗೆ ಹೋದರೆ ಇನ್ನೊಂದು ಹೊರಗೆ ಜಾರುತ್ತಿತ್ತು.

ಹೀಗೇ ಹೊತ್ತು ಇಳಿಯಿತು. ಅಷ್ಟರಲ್ಲಿ ಗಾಳಿ ಬಂತು. ಗಾಳಿಗೆ ಒಂದು ಮಾತೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಆಗಲೂ ಅಷ್ಟೇ. "ನೋಡ್ರೇ, ಕತ್ತಲಪ್ಪ ಬೆಟ್ಟದ ಹಿಂದೆ ಕಂಬಳಿ ಕೊಡವುತ್ತಾ ಇದಾನೆ. ಕುಂಟಿದ ಕೋಳಿಯ ವಿಷಯ ನಾನು ಹೇಳಬಾರದಿತ್ತು. ಹೇಳಿಬಿಟ್ಟೆ!"

ಸಣ್ಣಿ ಅಂಗಳದ ಕಡೆ ನೋಡಿದಳು. ನೆರಳು ಆಗಲೇ ಉದ್ದವಾಗುತ್ತಿತ್ತು.

"ಬಿಸಿನೀರು ತಾರೇ. ಕಾಲಿನ ಕೆಸರು ತೊಳೆಯೋಣ" ಅಂದಳು ಅಜ್ಜಿ.

ಬೆಚ್ಚಗಿನ ನೀರಲ್ಲಿ ಕೆಸರು ಕರಗಿತು. ಕೆಸರಿನ ಕೆಳಗೆ ಕಾಲು ಊದಿ ಬದನೆಕಾಯಿ ಆಗಿತ್ತು. ಊತದ ನಡುವೆ ಒಂದು ಆಳವಾದ ಗೀರು. ಆ ಗೀರಿನೊಳಗಿಂದ ಒಂದು ಕೆಂಪು ಎಳೆಯ ತುದಿ ಇಣುಕುತ್ತಿತ್ತು.

ಸಣ್ಣಿ ಬಗ್ಗಿ ನೋಡಿದಳು. ಮರಿ ಬೆಳೆದು ಕೋಳಿಯಾಗಿತ್ತು, ಕಾಲು ದಪ್ಪ ಆಗಿತ್ತು, ದಾರ ಮಾತ್ರ ಅಷ್ಟೇ ಇತ್ತು.

"ಅಜ್ಜೀ... ಇದು ನಾನೇ ಕಟ್ಟಿದ್ದು."

ಅಜ್ಜಿ ಬಿದಿರಿನ ಹರಿತವಾದ ಸೀಳೊಂದನ್ನು ತಂದು ಅವಳ ಕೈಗೆ ಕೊಟ್ಟಳು. "ನನ್ನ ಕೈ ನಡುಗುತ್ತೆ ಮಗಾ. ನೀನೇ ಕತ್ತರಿಸು."

"ಕತ್ತರಿಸಿದರೆ ಗುರುತು ಹೋಗುತ್ತಲ್ಲಜ್ಜಿ! ಗುರುತಿಲ್ಲದ್ದು ಅವನದ್ದು."

"ಬಿಟ್ಟರೆ ಕಾಲು ಹೋಗುತ್ತೆ. ನಿಲ್ಲಲಾರದ್ದೂ ಅವನದ್ದೇ."

ಸಣ್ಣಿ ಬೆಟ್ಟದ ಕಡೆ ನೋಡಿದಳು. ಬೆಲ್ಲಿಯ ಕಡೆ ನೋಡಿದಳು. ಬೆಲ್ಲಿ ಕಣ್ಣು ತೆರೆದು "ಕೊಕ್" ಅಂದಿತು, ಬಲು ಮೆಲ್ಲಗೆ. ಸಣ್ಣಿ ಹಲ್ಲು ಕಚ್ಚಿ ಗಂಟು ಕತ್ತರಿಸಿದಳು. ಅದರ ಕೆಳಗಿನ ಗಂಟು ಕತ್ತರಿಸಿದಳು. ಅದರ ಕೆಳಗಿನದ್ದನ್ನೂ. ದಾರ ಎಳೆದಾಗ ಬೆಲ್ಲಿ ಚೀರಿತು, ಸಣ್ಣಿಯೂ ಚೀರಿದಳು. ಅಜ್ಜಿ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಗಾಯಕ್ಕೆ ಮೆತ್ತಿದಳು.

ಆಗ ಅಂಗಳ ತಣ್ಣಗಾಯಿತು.

"ನಿಲ್ಲಲಾರದ್ದು ನನ್ನದು. ಗುರುತಿಲ್ಲದ್ದು ನನ್ನದು."

ಕತ್ತಲಪ್ಪ ಬೇಲಿಯ ಹತ್ತಿರ ನಿಂತಿದ್ದ. ಸಣ್ಣಿ ಬೆಲ್ಲಿಯನ್ನು ಎರಡೂ ಕೈಯಲ್ಲಿ ಎತ್ತಿ ನೆಲಕ್ಕೆ ತಾಗಿಸಿದಳು. "ನೋಡಿ, ನಿಂತಿದೆ!"

"ಹಿಡಿದು ನಿಲ್ಲಿಸಿದ್ದು ನಿಂತ ಹಾಗಲ್ಲ. ಕೈ ಬಿಡು."

ಸಣ್ಣಿ ಕೈ ಬಿಟ್ಟಳು. ಬೆಲ್ಲಿ ಆ ಕಡೆ ವಾಲಿತು, ಈ ಕಡೆ ವಾಲಿತು. ನೋಯುವ ಕಾಲನ್ನು ಮೆಲ್ಲಗೆ ಎತ್ತಿ ಹೊಟ್ಟೆಯ ಪುಕ್ಕದೊಳಗೆ ಸೇರಿಸಿಕೊಂಡಿತು. ಉಳಿದ ಕಾಲಿನ ಮೇಲೆ ನೆಟ್ಟಗೆ ನಿಂತಿತು.

"ಇನ್ನೊಂದು ಕಾಲು ಎಲ್ಲಿ?" ಅಂದ ಕತ್ತಲಪ್ಪ.

"ಒಳಗಿಟ್ಟಿದೀನಿ" ಅಂದಿತು ಬೆಲ್ಲಿ, ನಡುಗುತ್ತಾ. "ನಿಲ್ಲಬೇಕು ಅಂದಿರಿ. ಎಷ್ಟು ಕಾಲಲ್ಲಿ ಅಂತ ಹೇಳಲಿಲ್ಲ."

ಗಾಳಿ ಕಿಸಕ್ಕನೆ ನಕ್ಕು, ಹೆದರಿ, ಬಾಯಿ ಮುಚ್ಚಿಕೊಂಡಿತು.

"ಆಗಲಿ" ಅಂದ ಕತ್ತಲಪ್ಪ. "ಗುರುತು ಎಲ್ಲಿ?"

"ನಾನೇ ಕತ್ತರಿಸಿದೆ" ಅಂದಳು ಸಣ್ಣಿ. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ.

"ಹಾಗಾದರೆ ಇದು ನನ್ನದು." ಕಂಬಳಿ ಅಂಗಳದಲ್ಲೆಲ್ಲ ಹರಡಿತು. ಅದರೊಳಗಿಂದ ಒಂದು ದನಿ ಬಂತು, ಥೇಟ್ ಸಣ್ಣಿಯದೇ ದನಿ: "ಬಾ ಬಾ ಬಾ."

ಬೆಲ್ಲಿ ಕತ್ತು ಓರೆ ಮಾಡಿತು. ಸಣ್ಣಿ ಕೂಗಬೇಕು ಅಂತ ಬಾಯಿ ತೆರೆದಳು. ಭಯಕ್ಕೆ ನಾಲಿಗೆ ಒಣಗಿ ಒಂದು ಅಕ್ಷರವೂ ಹೊರಡಲಿಲ್ಲ.

"ಬಾ ಬಾ ಬಾ" ಅಂದಿತು ಕತ್ತಲು.

ಬೆಲ್ಲಿ ಕುಪ್ಪಳಿಸಿತು. ಬಿದ್ದಿತು. ಎದ್ದಿತು. ಮತ್ತೆ ಕುಪ್ಪಳಿಸಿತು. ಕರೆದ ಕಡೆಗಲ್ಲ. ಬಾಯಿ ಬಿಡಲಾರದೆ ಕೂತಿದ್ದ ಸಣ್ಣಿಯ ಕಡೆಗೆ. ಬಂದು ಅವಳ ಮಡಿಲು ಹತ್ತಿ, ಪುಕ್ಕ ಉಬ್ಬಿಸಿ ಕೂತಿತು.

ಅಜ್ಜಿ ಮೆಲ್ಲಗೆ ಅಂದಳು, "ಇದಕ್ಕಿಂತ ಗುರುತು ಬೇಕೇನಪ್ಪ?"

ಕತ್ತಲಪ್ಪ ಕಂಬಳಿ ಮಡಚಿದ. "ಈ ಗಂಟು ಬಿಚ್ಚೋಕೆ ನನ್ನ ಕೈಲಿ ಆಗಲ್ಲ. ಆದರೆ ನೆನಪಿರಲಿ, ನಾನು ದಿನಾ ಬರ್ತೀನಿ. ನಾನು ಬರೋ ಮುಂಚೆ ತಾನಾಗಿ ಮನೆ ಸೇರಿದ್ದನ್ನು ಮುಟ್ಟಲ್ಲ. ಹೊರಗುಳಿದದ್ದನ್ನು ಬಿಡಲ್ಲ."

ಬೆಲ್ಲಿಯ ಕಾಲು ವಾಸಿಯಾಯಿತು, ಮರುವಾರವೇ ಒಲೆಬೂದಿ ಕೆದರಿ ಬೈಸಿಕೊಂಡಿತು. ಊರವರೆಲ್ಲ ತಮ್ಮ ಕೋಳಿಗಳ ದಾರ ಕತ್ತರಿಸಿ ಒಲೆಗೆ ಹಾಕಿದರು.

ಅದಕ್ಕೇ ಇವತ್ತಿಗೂ ನಿಮ್ಮ ಕೋಳಿ, ಯಾರೂ ಕರೆಯದಿದ್ದರೂ, ಕತ್ತಲಾಗುವ ಮೊದಲೇ ಗುಡುಗುಡು ಓಡಿಬಂದು ಗೂಡು ಸೇರುತ್ತೆ. ಸುಮ್ಮನೆ ನಿಂತಾಗಲೂ, ಯಾರಾದರೂ ಪ್ರೀತಿ ಜಾಸ್ತಿಯಾಗಿ ದಾರ ಹಿಡಿದು ಬಂದಾರು ಅಂತ, ಒಂದು ಕಾಲನ್ನು ಪುಕ್ಕದೊಳಗೆ ಬಚ್ಚಿಟ್ಟುಕೊಂಡೇ ನಿಲ್ಲುತ್ತೆ.