ತೀರಿಹೋದವನಿಗೆ ಕೆಲಸದ ಕರೆ

“ನಡುಬಜಾರದಾಗ ಒಬ್ಬ ಹೆಣ್ಣಮಗಳು ಈ ಭೀಮಶಿಯ ಕಪಾಳಕ್ಕ ಹೊಡದಾಳ. ನಂಬತೀರೇನ್ರಿ ವಸ್ತಾದ್ರ? ನೀವು ನಂಬೂದಿಲ್ಲ, ನನಗೊತ್ತೈತಿ. ತಪ್ಪು ಯಾರದು, ನೀವ ಹೇಳ್ರಿ,” ಎಂದ ಶಿಷ್ಯ ಭೀಮಶಿ.

ಗರಡಿಮನೆಯ ಕಟ್ಟೆಯ ಮೇಲೆ ಕೂತಿದ್ದ, ಕುಸ್ತಿ ಕಲಿಸುವ ವಸ್ತಾದ ಇಮಾಮಸಾಬರು ಕೈಗೆ ಹತ್ತಿದ ಎಣ್ಣೆ ಒರೆಸಿಕೊಂಡರು. “ಯಾಕ ಹೊಡದ್ಲು?”

ಭೀಮಶಿ ಹಳ್ಳಿಯಿಂದ ಬಂದು ಇದೇ ಗರಡಿಯಲ್ಲಿ ಮೈ ಬೆಳೆಸಿದವನು. ಸುತ್ತಿನ ಊರುಗಳಲ್ಲಿ ಅವನ ಬೆನ್ನಿಗೆ ಮಣ್ಣು ಹತ್ತಿಸಿದವರಿಲ್ಲ. ಹಾಗೆಂದು ದಿನಕ್ಕೊಮ್ಮೆಯಾದರೂ ಯಾರ ಹತ್ತಿರವಾದರೂ ಹೇಳದಿದ್ದರೆ ಅವನಿಗೆ ಉಂಡದ್ದು ಕರಗುತ್ತಿರಲಿಲ್ಲ. ಈಗ ಅವನದು ಕಾರ್ಖಾನೆಗಳಿಗೆ ಕೆಲಸಗಾರರನ್ನು ಹುಡುಕಿಕೊಡುವ ಕಚೇರಿ. ಅಲ್ಲಿ ಹುಡುಕುವುದೂ ಯಂತ್ರ, ಫೋನ್ ಮಾಡಿ ಮನುಷ್ಯರಂತೆ ಮಾತಾಡುವುದೂ ಯಂತ್ರ.

“ಹೊಡದಾಕಿ ಸಾವಕ್ಕ. ಆಕಿ ಮಗ ವೆಲ್ಡರ್ ಇದ್ದ. ಹ್ವಾದ ವರ್ಷ ತೀರಿಕೊಂಡ. ನಮ್ಮ ಎಐ ಏಜೆಂಟ್‌ಗೋಳು ದಿನಾ ಅವನ ನಂಬರಿಗೆ ಫೋನ್ ಮಾಡಿ, ಕೆಲಸ ಐತಿ ಬರತೀರೇನು ಅಂತ ಕೇಳತಾವಂತ. ಮಗ ಇಲ್ಲ ಅಂತ ಆಕಿ ದಿನಾ ಹೇಳತಾಳಂತ. ಅದಕ್ಕ ನಾನೇನು ಮಾಡಲಿ? ಆ ಏಜೆಂಟ್‌ಗೋಳಿಗೆ ಹೆಸರು, ನಂಬರ್ ಹುಡುಕಿಕೊಡಾಕ ಒಂದು ಟೂಲ್ ಇಟ್ಟೇನಿ. ವೆಲ್ಡರ್ ಬೇಕಂದ್ರ ಕಣ್ಣು ಪಿಳುಕಿಸೂದ್ರಾಗ ತಂದು ನಿಲ್ಲಸತೈತಿ. ಇಡೀ ಜಿಲ್ಲಾದಾಗ ಅಂಥಾದ್ದು ನನ್ನ ಹತ್ರ ಅಷ್ಟ ಐತಿ. ತಪ್ಪಿದ್ರ ಅದರದು. ಹೊಡೀಬೇಕಾದ್ರ ಅದಕ್ಕ ಹೊಡೀಲಿ. ಚಹಾದಂಗಡಿ ಮಂದಿ ಎಲ್ಲಾ ನೋಡಿ ನಕ್ಕರ್ರಿ.”

ವಸ್ತಾದರು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಬಾವಿ ತೋಡಿಸಿಕೊಡುವುದು ಅವನ ಕಸುಬು. ಅವನ ಮನೆಯಲ್ಲಿ ಒಬ್ಬ ಹುಡುಕುವವನಿದ್ದ. ಯಾರು ಯಾವ ಊರು, ಯಾವ ಓಣಿ, ಯಾರ ಕೈಗೆ ಯಾವ ಕೆಲಸ ಬರುತ್ತದೆ, ಎಲ್ಲವೂ ಅವನ ನಾಲಗೆಯ ಮೇಲಿತ್ತು. ಆದರೆ ಅವನು ತನ್ನ ಕತ್ತಲೆ ಕೋಣೆ ಬಿಟ್ಟು ಹೊರಗೆ ಬಂದವನಲ್ಲ. ಅವನು ಹೇಳಿದ ಬಾಗಿಲಿಗೆ ಹೋಗಿ ಕೂಗಲು ಬೇರೆ ಆಳುಗಳಿದ್ದರು.

ದೂರದ ಊರಲ್ಲಿ ಒಬ್ಬ ರೈತ. ಅವನೂ ಅವನ ತಮ್ಮನೂ ಬಾವಿ ತೋಡುತ್ತಿದ್ದರು. ಒಂದು ಬಾವಿ ಕುಸಿಯಿತು. ತಮ್ಮ ಒಳಗೇ ಉಳಿದ. ರೈತ ಅವತ್ತಿನಿಂದ ಹಾರೆ ಮುಟ್ಟಲಿಲ್ಲ.

ಆಳು ಬಂದು ಕರೆದ: “ಬಾವಿ ತೋಡಬೇಕಾಗಿದೆ. ನೀನೂ ನಿನ್ನ ತಮ್ಮನೂ ಬನ್ನಿ.”

“ತಮ್ಮ ಮಣ್ಣಾಗಿದ್ದಾನೆ. ನಾನು ಆ ಕೆಲಸ ಬಿಟ್ಟೆ. ಕಳಿಸಿದವನಿಗೆ ಹೇಳು,” ಎಂದ ರೈತ.

ಆಳು ತಲೆಯಾಡಿಸಿ ಹೋದ. ಮರುದಿನ ಇನ್ನೊಬ್ಬ ಬಂದ. ಅದೇ ಮಾತು, ಅಷ್ಟೇ ನಯ. ಆಮೇಲೆ ಮತ್ತೊಬ್ಬ. ರೈತ ಕೈ ಮುಗಿದ, ಬೈದ, ಕಡೆಗೆ ಕಲ್ಲೆತ್ತಿದ. ಆಳುಗಳಿಗೆ ಕೈ ಮುಗಿದರೂ ಒಂದೇ, ಕಲ್ಲೆತ್ತಿದರೂ ಒಂದೇ. ಹೊರಗೆ ಕೇಳಿದ್ದನ್ನು ಒಯ್ದು ಆ ಕೋಣೆಗೆ ಮುಟ್ಟಿಸಬೇಕೆಂದು ವ್ಯಾಪಾರಿ ಯಾರಿಗೂ ಹೇಳಿರಲಿಲ್ಲ. ಅವನಿಗೆ ಬೇಕಾದದ್ದು ತೋಡುವ ಕೈ. ಬಾರದವನ ಸಂಕಟ ಕಟ್ಟಿಕೊಂಡು ಅವನಿಗೆ ಆಗಬೇಕಾದದ್ದೇನು?

ಒಂದು ದಿನ ರೈತನ ಹೆಂಡತಿ ಕೇಳಿದಳು: “ದಿನ ಬೆಳಗಾದರೆ ಸತ್ತವನನ್ನು ಬಾಗಿಲಲ್ಲಿ ನಿಂತು ಕೂಗುತ್ತಾರೆ. ನೀನು ಕೇಳಿಕೊಂಡು ಸುಮ್ಮನೆ ಕೂತಿದ್ದೀಯಲ್ಲ?”

ರೈತನ ರಕ್ತ ಕುದಿಯಿತು. ನಡೆದು ಬಂದು ವ್ಯಾಪಾರಿಯ ಬಾಗಿಲನ್ನು ಒದ್ದ. ವ್ಯಾಪಾರಿ ಅವನ ಮುಖ ಕಂಡವನಲ್ಲ. ಹೆಸರು ಕೇಳಿ, ಒಳಗೆ ಕೂಗಿ ವಿಚಾರಿಸಿದ. “ಬಾವಿ ತೋಡುವವನು. ಒಳ್ಳೆಯ ಕೈ. ಜೊತೆಗೆ ತಮ್ಮನಿದ್ದಾನೆ,” ಎಂದು ಕತ್ತಲೆ ಕೋಣೆಯಿಂದ ಉತ್ತರ ಬಂತು.

ವ್ಯಾಪಾರಿಯ ಮುಖ ಅರಳಿತು. “ನೀನಾಗಿಯೇ ಬಂದೆಯಲ್ಲ, ಚಲೋ ಆಯಿತು. ತಮ್ಮ ಹಿಂದೆ ಬರುತ್ತಿದ್ದಾನೋ?” ಎನ್ನುತ್ತ ರೈತನ ಕೈಗೆ ಹಾರೆ ಕೊಟ್ಟ.

ವಸ್ತಾದರು ಅಷ್ಟಕ್ಕೇ ನಿಲ್ಲಿಸಿದರು.

ಭೀಮಶಿ ತೊಡೆ ತಟ್ಟಿಕೊಂಡು ಎದ್ದ. “ಅದ ಹಾರಿ ತಗೊಂಡು ಆ ವ್ಯಾಪಾರಿ ತಲಿ ಒಡದನೋ ಇಲ್ಲೋ? ನಾನಾಗಿದ್ರ ಅಲ್ಲೇ ಕೆಡವತಿದ್ದೆ.”

“ಒಳಗ ಕುಂತು ಹೆಸರು ಹೇಳಿದವನ್ನ ಬಿಟ್ಟು?”

“ಅವ ಏನು ಮಾಡ್ಯಾನ್ರಿ, ಪಾಪ. ಹೊರಗಿನ ಮಾತು ಅವನ ಕಿವಿಗೆ ಹಾಕಬೇಕಾದಂವ ವ್ಯಾಪಾರಿ.”

“ಸಾವಕ್ಕ ಬರೇ ಕಪಾಳಕ್ಕ ಹೊಡದಾಳ,” ಎಂದರು ವಸ್ತಾದರು.

ಭೀಮಶಿ ಮತ್ತೆ ಕೂತ. ವಸ್ತಾದರು ಒಳಗೆ ಹೋಗಿ ಒಂದು ಫೋನ್ ತಂದು ಅವನ ಅಂಗೈಯಲ್ಲಿಟ್ಟರು. ಅದು ಸಾವಕ್ಕನ ಮಗನ ಫೋನ್. ಇನ್ನು ಮುಂದೆ ಅದಕ್ಕೆ ಬರುವ ಕರೆಗಳಿಗೆ ಭೀಮಶಿಯೇ ಉತ್ತರ ಹೇಳಲಿ ಎಂದು ಆಕೆ ಅವನಿಗಿಂತ ಮೊದಲೇ ಗರಡಿಗೆ ಬಂದು ಕೊಟ್ಟು ಹೋಗಿದ್ದಳು.