ಕಾಯಿಸದ ಹಲಗಿ

ಹೊಳೆಯ ದಂಡೆಯ ಮೇಲೆ ಹಾಲಯ್ಯಜ್ಜನ ಆಶ್ರಮ. ಆಶ್ರಮ ಅಂದರೆ ದೊಡ್ಡದೇನಲ್ಲ. ಮಣ್ಣಿನ ಗೋಡೆಯ ಒಂದು ಪಡಸಾಲೆ, ಅಡುಗೆಮನೆ, ಉಗ್ರಾಣ. ಉಳಿದ ಜಾಗವೆಲ್ಲ ಮಕ್ಕಳು.

ಬೆಳಗ್ಗೆ ಓದು, ಬರಹ, ಲೆಕ್ಕ. ಬಿಸಿಲಿಳಿದ ಮೇಲೆ ಹಲಗಿ, ಕೋಲಾಟ, ಗರಡಿ. ಹಲಗಿ ಎಂದರೆ ದುಂಡನೆಯ ಚೌಕಟ್ಟಿಗೆ ತೊಗಲು ಬಿಗಿದ ವಾದ್ಯ. ಕೆಲವು ಸೀಮೆಗಳಲ್ಲಿ ಅದಕ್ಕೆ ತಮಟೆ ಅನ್ನುತ್ತಾರೆ. ಹೆಸರು ಏನಿದ್ದರೂ ಅದನ್ನು ಬಾರಿಸತೊಡಗಿದರೆ ಸುಮ್ಮನೆ ಕೂರುವುದು ಕಷ್ಟ.

ಆ ವರ್ಷ ಸುತ್ತಲಿನ ಊರುಗಳವರು ಸೇರಿ ದೊಡ್ಡದೊಂದು ಗುಡಿ ಕಟ್ಟಲು ಹೊರಟರು. ಸುಗ್ಗಿ ಮುಗಿದ ಮೇಲೆ ಆಶ್ರಮಕ್ಕೆ ಬರಬೇಕಾದ ಜೋಳ ಅತ್ತ ಹೋಯಿತು. ಉಗ್ರಾಣ ಅರ್ಧ ಮಾತ್ರ ತುಂಬಿತು.

ಉಗ್ರಾಣದ ಕೀಲಿ ಇದ್ದದ್ದು ಹಿರಿಯ ಶಿಷ್ಯ ಗದಿಗೆಪ್ಪನ ಸೊಂಟದಲ್ಲಿ. ಒಳ್ಳೆಯ ಮನುಷ್ಯ. ಆದರೆ ದಿನಕ್ಕೆ ಒಂದಾದರೂ ತಪ್ಪು ಹುಡುಕದಿದ್ದರೆ ಉಂಡದ್ದು ಅರಗದು. ಅವನು ಬಂದು ಅಜ್ಜನ ಮುಂದೆ ಕೈಮುಗಿದು ನಿಂತ.

"ಅಜ್ಜಾರ, ಈ ವರ್ಷ ಕಾಳು ಸಾಲೂದಿಲ್ರಿ. ಏನಾರ ಕಡಿಮಿ ಮಾಡಬೇಕು."

"ಏನು ಕಡಿಮಿ ಮಾಡ್ತೀಯಪಾ?"

"ಊಟ ಮುಟ್ಟೂದಿಲ್ರಿ. ಪಾಠ ಮುಟ್ಟೂದಿಲ್ರಿ. ಹಲಗಿ ಕಲಸೋ ದ್ಯಾವಪ್ಪಗ ಊಟ, ಮ್ಯಾಲೆ ಜೋಳ. ಗರಡಿ ಹುಡುಗರಿಗೆ ಹಾಲು, ಬೆಲ್ಲ. ಇವನ್ನೆಲ್ಲ ನಿಲ್ಲಸ್ತೀನ್ರಿ. ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು ಅಂದಂಗ ಆಗೈತಿ ನಮ್ಮ ಬಾಳೇವು."

ಅಜ್ಜ ತನ್ನ ಬೋಳು ತಲೆಯ ಮೇಲೆ ಕೈಯಾಡಿಸಿಕೊಂಡ.

"ಜುಟ್ಟು ಇದ್ದವರು ವಿಚಾರ ಮಾಡೂ ಮಾತು ಅದು. ಹಲಗಿ ನಿಂತ್ರ ಆಶ್ರಮ ನಡೀತೈತೇನು?"

"ನಡೀತೈತ್ರಿ."

"ಹಂಗಾರ ನಡಸು."

ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ಕೀತೆಂದು ಗದಿಗೆಪ್ಪ ತಿಳಿದಿರಲಿಲ್ಲ. ಅಜ್ಜನ ಮುಖವನ್ನು ಇನ್ನೊಮ್ಮೆ ನೋಡಿದ. ಅಜ್ಜ ಕಣ್ಣು ಮುಚ್ಚಿ ಕೂತಿದ್ದ.

ದ್ಯಾವಪ್ಪ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ತನ್ನ ಊರಿಗೆ ಹೋದ. ಹಲಗಿಗಳು ಗೂಟಕ್ಕೆ ನೇತುಬಿದ್ದವು. ಗರಡಿಯ ಬಾಗಿಲಿಗೆ ಬೀಗ ಬಿತ್ತು. ಹಲಗಿಯಿಲ್ಲದೆ ಕೋಲಾಟವಿಲ್ಲ; ಅದರ ಕೋಲುಗಳನ್ನೂ ಕಟ್ಟಿ ಅಟ್ಟಕ್ಕೆ ಹಾಕಿದರು.

ಬಿಸಿಲಿಳಿದ ಹೊತ್ತು ಈಗ ಖಾಲಿ. ಖಾಲಿ ಹೊತ್ತು ಕಂಡರೆ ಗದಿಗೆಪ್ಪನಿಗೆ ಆಗದು. ಮಕ್ಕಳನ್ನೆಲ್ಲ ಕೂರಿಸಿ ಮಗ್ಗಿ ಹೇಳಿಸತೊಡಗಿದ.

ಮಕ್ಕಳು ಹೇಳಿದರು. ಹೇಳುತ್ತ ಹೇಳುತ್ತ ಅವರ ಬೆರಳುಗಳು ನೆಲವನ್ನು ಬಡಿಯತೊಡಗಿದವು.

"ಕೈ ಕಟ್ಟಿಕೊಂಡು ಕುಂಡ್ರಿ," ಅಂದ ಗದಿಗೆಪ್ಪ.

ಕೈ ಕಟ್ಟಿಕೊಂಡರು. ಕಾಲಿನ ಹೆಬ್ಬೆರಳುಗಳು ಕುಣಿಯತೊಡಗಿದವು.

"ಕಾಲು ಮಡಚಿಕೊಳ್ರಿ."

ಮಡಚಿಕೊಂಡರು. ತಲೆಗಳು ತೂಗತೊಡಗಿದವು. ತಲೆಗೆ ಏನು ಹೇಳಬೇಕೆಂದು ಗದಿಗೆಪ್ಪನಿಗೆ ತೋಚಲಿಲ್ಲ.

ಆ ಸಾಲಿನಲ್ಲಿ ಯಮನೂರಿ ಎಂಬ ಹುಡುಗನಿದ್ದ. ಹೊಳೆಯ ಆಚೆ ದಂಡೆಯವನು. ಅವನಿಗೆ ಮಾತು ತೊದಲುತ್ತಿತ್ತು. ಒಂದು ಅಕ್ಷರ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಆದರೆ ಹಲಗಿ ಕೈಗೆ ಬಂದರೆ ಅವನಷ್ಟು ಸರಾಗ ಬಾರಿಸುವವರು ಆಶ್ರಮದಲ್ಲಿ ಇರಲಿಲ್ಲ. ಅವನು ಮುಂದೆ ನಿಂತು ಬಾರಿಸಿದರೆ ಉಳಿದವರು ಅವನ ಹಿಂದೆ.

ಈಗ ಹಲಗಿ ಇಲ್ಲ. ಮಗ್ಗಿ ಹೇಳುವ ಸರದಿ ಅವನಿಗೆ ಬಂದಾಗ "ಏ... ಏ..." ಎಂದು ನಿಲ್ಲುತ್ತಿದ್ದ. ಗದಿಗೆಪ್ಪನಿಗೆ ತಾಳ್ಮೆ ಕಡಿಮೆ.

"ಏಳು ಎಂಟ್ಲೆ ಐವತ್ತಾರು. ಹೌದಲ್ಲೊ? ಕುಂಡ್ರು."

ಹುಡುಗ ಕೂರುತ್ತಿದ್ದ. ಅವನು ಹೇಳಬೇಕೆಂದಿದ್ದದ್ದು ಏಳು ಒಂಬತ್ಲೆ. ಅದನ್ನು ಕೇಳುವವರು ಯಾರು?

ಒಂದು ಬೆಳಗ್ಗೆ ಯಮನೂರಿಯ ಚಾಪೆ ಖಾಲಿ ಇತ್ತು. ಹೊಳೆ ದಾಟಿ ತಾಯಿಯ ಹತ್ತಿರ ಹೋಗಿಬಿಟ್ಟಿದ್ದ.

ಗದಿಗೆಪ್ಪ ಹಿಂದೆಯೇ ಹೋದ. ಯಮನೂರಿಯ ತಾಯಿ ಹುಲಿಗೆವ್ವ ಬಾಗಿಲಲ್ಲೇ ಸಿಕ್ಕಳು.

"ಅಂವಗ ಶಾಲಿ ಬ್ಯಾಡಂತ್ರಿ," ಅಂದಳು. "ಸುಮ್ನ ಮನ್ಯಾಗ ಕುಂದ್ರಸಿ ಏನು ಮಾಡ್ಲಿ? ನಾಳಿಂದ ಗೌಡ್ರ ಆಡು ಕಾಯಾಕ ಹಚ್ಚತೀನ್ರಿ."

ಗದಿಗೆಪ್ಪ ಗಾಬರಿಯಿಂದ ಒಳಗೆ ಹೋದ. ಹಾಗೆ ಆಡಿನ ಹಿಂದೆ ಹೋದ ಮಕ್ಕಳು ತಿರುಗಿ ಓದಿಗೆ ಬಂದದ್ದನ್ನು ಅವನು ಕಂಡಿರಲಿಲ್ಲ. ಹುಡುಗನನ್ನು ಮುಂದೆ ಕೂರಿಸಿಕೊಂಡು ಬುದ್ಧಿ ಹೇಳಿದ. ವಿದ್ಯೆಯ ಮಹಿಮೆ ಹೇಳಿದ. ಬದುಕಿನ ದಾರಿ ಹೇಳಿದ. ಯಮನೂರಿ ನೆಲ ನೋಡುತ್ತ ಕೇಳಿದ. ಒಮ್ಮೆ ಬಾಯಿ ತೆರೆದು "ನ... ನ..." ಅಂದ.

"ನಾಳೆ ಬರ್ತೀಯಲ್ಲ? ಶಾಣ್ಯಾ," ಅಂದ ಗದಿಗೆಪ್ಪ.

ಹುಡುಗ ಎದ್ದು ಹಿತ್ತಲಿಗೆ ಹೋದ.

ಗದಿಗೆಪ್ಪ ಜೋಲುಮೋರೆ ಹಾಕಿಕೊಂಡು ಅಜ್ಜನ ಹತ್ತಿರ ಬಂದ.

"ಹುಡುಗ ಏನಂದ?" ಎಂದು ಅಜ್ಜ ಕೇಳಿದ.

"ಏನೂ ಅನಲಿಲ್ರಿ."

"ನೀ ಏನಂದಿ?"

"ಎಲ್ಲಾ ಅಂದೆ ಅಜ್ಜಾರ."

ಅಜ್ಜ ಎದ್ದ. ಗೂಟದ ಮೇಲಿನ ಒಂದು ಹಲಗಿಯನ್ನು ಇಳಿಸಿ, ಧೂಳು ಒರೆಸಿ, ಬಾರಿಸುವ ಕೋಲು ಕಡ್ಡಿಗಳ ಜೊತೆ ಗದಿಗೆಪ್ಪನ ಕೈಗಿಟ್ಟ.

"ಹೊಳಿ ದಂಡಿಗೆ ಹೋಗು. ಬಾಯಿ ತೆಗೀಬ್ಯಾಡ. ಇದರಿಂದ ಕರಿ."

"ನಂಗ ಬಾರಸಾಕ ಬರೂದಿಲ್ರಿ."

"ಅದಕ್ಕಽ ನಿನ್ನ ಕಳಸಾಕತ್ತೀನಿ."

ಗುರುವಿನ ಮಾತು. ಮೀರುವಂತಿಲ್ಲ. ಗದಿಗೆಪ್ಪ ಹಲಗಿ ಹೊತ್ತು ನಡೆದ. ಸುದ್ದಿ ಅವನಿಗಿಂತ ಮುಂಚೆ ಹೋಗಿತ್ತು. ಮಕ್ಕಳೆಲ್ಲ ಜಾಲಿ ಪೊದೆಗಳ ಹಿಂದೆ ಅಡಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದರು.

ಬೇಸಿಗೆಯ ಹೊಳೆ. ನೀರು ಮೊಣಕಾಲಿನವರೆಗೆ ಮಾತ್ರ. ಆಚೆ ದಂಡೆಯಲ್ಲಿ ಹುಲಿಗೆವ್ವ ಬಂಡೆಯ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಪಕ್ಕದಲ್ಲಿ ಯಮನೂರಿ ಕೂತು ನೀರಿಗೆ ಕಲ್ಲು ಎಸೆಯುತ್ತಿದ್ದ.

ಗದಿಗೆಪ್ಪ ಹಲಗಿಗೆ ಒಂದು ಏಟು ಕೊಟ್ಟ.

ಡಬ್.

ಒದ್ದೆ ಗೋಣಿಚೀಲಕ್ಕೆ ಬಡಿದ ಹಾಗಿತ್ತು. ಇನ್ನೊಂದು ಕೊಟ್ಟ. ಡಬ್. ಪೊದೆಗಳು ಅಲುಗಾಡಿದವು. ಗದಿಗೆಪ್ಪನ ಕಿವಿ ಕೆಂಪಾಯಿತು. ನಾಚಿಕೆ ಬಿಟ್ಟು ಎರಡೂ ಕೈಯಿಂದ ಬಡಿದ. ಡಬ್ ಡಬ್, ಡಬ, ಡಬ್.

ಆಚೆ ಕಡೆ ಹುಲಿಗೆವ್ವ ಬಟ್ಟೆ ಕೆಳಗಿಟ್ಟಳು. ಯಮನೂರಿ ಕಿವಿ ಮುಚ್ಚಿಕೊಂಡ.

ಗದಿಗೆಪ್ಪ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ನಾಳೆ ಆ ಹುಡುಗ ಆಡಿನ ಹಿಂದೆ ಹೋಗುತ್ತಾನೆ ಎಂಬುದೊಂದೇ ಅವನ ತಲೆಯಲ್ಲಿತ್ತು. ಬೆವರು ಕಣ್ಣಿಗಿಳಿಯಿತು. ಕೋಲು ಒಮ್ಮೆ ಅವನ ಮೂಗಿಗೇ ಬಡಿಯಿತು.

ಯಮನೂರಿ ಎದ್ದು ನಿಂತ. ಒಂದು ಹೆಜ್ಜೆ ನೀರಿಗಿಟ್ಟ. ಮತ್ತೆ ನಿಂತ. ಗದಿಗೆಪ್ಪ ಇನ್ನೂ ಕೆಟ್ಟದಾಗಿ ಬಾರಿಸಿದ.

ಹುಡುಗನಿಂದ ತಡೆಯಲಾಗಲಿಲ್ಲ. ನೀರು ಸಿಡಿಸುತ್ತ ಓಡಿಬಂದ. ನಡುಹೊಳೆಯಲ್ಲಿ ನಿಂತು, ಎರಡೂ ಕೈಯಿಂದ ಚಪ್ಪಾಳೆ ತಟ್ಟುತ್ತ ಕೂಗಿದ.

"ಹಲಗಿ ಕಾಯಿಸಿಲ್ಲ! ಅಣ್ಣಾರ, ಹಲಗಿ ಕಾಯಿಸಿಲ್ಲ! ತೊಗಲು ಸಡಲೈತಿ, ಬೆಂಕಿ ತೋರಸಿಲ್ಲ!"

ಚಪ್ಪಾಳೆಯ ಪೆಟ್ಟಿಗೊಂದು ಮಾತು. ಎಲ್ಲೂ ತೊದಲಲಿಲ್ಲ.

ಗದಿಗೆಪ್ಪನ ಕೈಯಲ್ಲಿನ ಕೋಲು ಹಾಗೇ ನಿಂತಿತು. ಇಷ್ಟು ದಿನ ಅವನು ಆ ಹುಡುಗನ ಬಾಯಿಂದ ಪೂರ್ತಿ ಮಾತು ಕೇಳಿರಲಿಲ್ಲ.

ಯಮನೂರಿ ದಂಡೆಗೆ ಬಂದವನೇ ಒಣಹುಲ್ಲು ಕೂಡಿಸಿದ. ಪೊದೆಯ ಹಿಂದಿನಿಂದ ಯಾರೋ ಅಡುಗೆಮನೆಗೆ ಓಡಿ ಕೆಂಡ ತಂದರು. ಹುಲ್ಲು ಹೊತ್ತಿತು. ಯಮನೂರಿ ಹಲಗಿಯನ್ನು ಉರಿಗೆ ಹಿಡಿದು ಮೆಲ್ಲಗೆ ತಿರುಗಿಸಿದ. ತೊಗಲು ಬಿಗಿಯುತ್ತ ಬಂತು. ಉಗುರಿನಿಂದ ತಟ್ಟಿ ಕಿವಿಗೊಟ್ಟ. ಇನ್ನಷ್ಟು ಕಾಯಿಸಿದ. ಮತ್ತೆ ತಟ್ಟಿದ.

ಠಣ್.

ಹುಡುಗನ ಮುಖ ಅರಳಿತು. ಹಲಗಿಯನ್ನು ಗದಿಗೆಪ್ಪನ ಹೆಗಲಿಗೆ ಹಾಕಿ, ದಪ್ಪ ಕೋಲನ್ನು ಬಲಗೈಗೆ, ಸಣ್ಣ ಕಡ್ಡಿಯನ್ನು ಎಡಗೈಗೆ ಕೊಟ್ಟ. ಹಲಗಿ ಕಲಿಯುವವರು ಮೊದಲು ಪೆಟ್ಟನ್ನು ಬಾಯಲ್ಲಿ ಹೇಳಬೇಕು. ಅದು ದ್ಯಾವಪ್ಪನ ಪದ್ಧತಿ.

"ಠಣ್ ಠಕ ಠಣ್, ಠಕ ಠಕ ಠಣ್," ಅಂದ ಯಮನೂರಿ. "ಅ... ಅನ್ರಿ."

"ಠಣ್ ಠಕ... ಠ... ಠಣ್..." ಗದಿಗೆಪ್ಪ ಮುಗ್ಗರಿಸಿದ. ಮತ್ತೆ ಶುರು ಮಾಡಿದ. "ಠಣ್ ಠ... ಠ... ಠ..."

ನಾಲಿಗೆ ಅಲ್ಲೇ ಸಿಕ್ಕಿಕೊಂಡಿತು. ಮುಂದಿನ ಪೆಟ್ಟು ಯಮನೂರಿಗೆ ಗೊತ್ತಿತ್ತು. ಆದರೂ ಅವನು ಬಾಯಿ ಹಾಕಲಿಲ್ಲ. ಗದಿಗೆಪ್ಪನ ಮುಖ ನೋಡುತ್ತ ಸುಮ್ಮನೆ ಕಾದ. ಅವಸರವೇ ಇಲ್ಲದವನ ಹಾಗೆ ಕಾದ.

ತಾನು ಒಂದು ದಿನವೂ ಹೀಗೆ ಕಾದಿರಲಿಲ್ಲ ಎಂದು ಗದಿಗೆಪ್ಪನಿಗೆ ನಾಚಿಕೆಯಾಯಿತು.

"ಠಕ ಠಣ್," ಅಂದ ಕೊನೆಗೆ.

"ಬಂ... ಬಂತು," ಅಂದ ಯಮನೂರಿ.

ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಪೊದೆಗಳು ಖಾಲಿಯಾದವು. ಗೂಟದ ಹಲಗಿಗಳೆಲ್ಲ ದಂಡೆಗೆ ಬಂದವು. ಅಟ್ಟದ ಕೋಲುಗಳನ್ನು ಯಾರು ಇಳಿಸಿದರೋ ಗೊತ್ತಿಲ್ಲ. ಉಸುಕಿನಲ್ಲಿ ಮಕ್ಕಳು ಸುತ್ತು ಕಟ್ಟಿ ಕುಣಿದರು. ನಡುವೆ ಗದಿಗೆಪ್ಪ. ಸೊಂಟದ ಕೀಲಿಗೊಂಚಲು ಕೂಡ ಅವನ ಜೊತೆ ಕುಣಿಯಿತು. ಆಚೆ ದಂಡೆಯಲ್ಲಿ ಹುಲಿಗೆವ್ವ ನಗುತ್ತ ಅದೇ ಪೆಟ್ಟಿಗೆ ಬಟ್ಟೆ ಒಗೆದಳು. ಮಗನ ಚಾಪೆಯನ್ನು ತಾನೇ ಹೊತ್ತು ತಂದುಕೊಡುತ್ತೇನೆಂದು ಅಲ್ಲಿಂದಲೇ ಕೂಗಿ ಹೇಳಿದಳು. ಅವನ ಚಾಪೆ ಆಶ್ರಮದಲ್ಲೇ ಇದೆಯೆಂಬುದು ಆ ಖುಷಿಯಲ್ಲಿ ಅವಳಿಗೆ ನೆನಪಾಗಲಿಲ್ಲ.

ಹೊತ್ತು ಮುಳುಗುವಾಗ ಗದಿಗೆಪ್ಪ ಬೆವರು ಒರೆಸಿಕೊಳ್ಳುತ್ತ ಅಜ್ಜನ ಮುಂದೆ ಬಂದು ಕೂತ.

"ಅಜ್ಜಾರ, ದ್ಯಾವಪ್ಪಗ ತಿರುಗಿ ಬಾ ಅಂತ ಹೇಳಿ ಕಳಸ್ತೀನ್ರಿ. ಗರಡಿ ಬೀಗಾನೂ ತೆಗೀತೀನಿ."

"ಕಾಳು?"

"ಕಾಳು ಎಲ್ಲಿಂದಲೂ ಬರೂದಿಲ್ರಿ. ರಾತ್ರಿ ರೊಟ್ಟಿ ಬಿಟ್ಟು ಎಲ್ಲಾರೂ ಅಂಬಲಿ ಕುಡಿಯೂದು. ದ್ಯಾವಪ್ಪನೂ ಅದನ್ನಽ ಕುಡೀಬೇಕು. ಹುಡುಗರನ್ನ ಕೇಳೀನಿ. ಒಪ್ಪ್ಯಾರ."

"ಎಲ್ಲಾರೂ?"

"ಒಬ್ಬಿಬ್ಬರು ಮಾರಿ ಸಣ್ಣ ಮಾಡಿದ್ರು. ನಂಗೂ ರೊಟ್ಟಿ ಅಂದ್ರ ಪ್ರಾಣ ಅಜ್ಜಾರ. ಆದ್ರೂ ಆಗಲಿ."

ಅಜ್ಜ ತಲೆಯಾಡಿಸಿದ. ಗದಿಗೆಪ್ಪ ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಅವನ ಸ್ವಭಾವ ಹಾಗಲ್ಲ.

"ನಂಗ ಈಗ ತಿಳೀತ್ರಿ. ಹಲಗಿ ಇದ್ರ ಯಮನೂರಿಗೆ ಮಾತು ಬರ್ತೈತಿ. ಮಾತು ಬಂದ್ರ ಪಾಠ ಬರ್ತೈತಿ."

"ಕೋಲಾಟ?"

"ಕೋಲಿನ ಲೆಕ್ಕದಾಗ ಮಗ್ಗಿ ಬಾಯಿಗೆ ಕುಂದ್ರತೈತ್ರಿ."

"ಗರಡಿ?"

"ಮೈ ದಣದ್ರ ಮರುದಿನ ಓದಾಕ ನೆಟ್ಟಗ ಕುಂಡ್ರತಾರ್ರಿ."

ಅಜ್ಜ ನಕ್ಕ. ನಕ್ಕಾಗ ಅವನ ಹೊಟ್ಟೆ ಅಲುಗಾಡಿತು.

"ಭಾಳ ಶಾಣ್ಯಾ ಆದಿ ಗದಿಗೆಪ್ಪ. ಎಲ್ಲಾನೂ ಹಿಡಕೊಂಡು ಬಂದು ಪಾಠದ ಮನ್ಯಾಗ ಕೂಲಿಗೆ ಹಚ್ಚಿದಿ."

ಗದಿಗೆಪ್ಪ ಪಿಳಿಪಿಳಿ ಕಣ್ಣು ಬಿಟ್ಟ.

"ಇವತ್ತ ಹೊಳಿ ದಂಡ್ಯಾಗ ನೀನೂ ಕುಣದ್ಯಂತ?"

"ಕುಣದೆ ಅಜ್ಜಾರ."

"ಅದರಿಂದ ನಿಂಗ ಯಾವ ಪಾಠ ಬಂತು?"

ಗದಿಗೆಪ್ಪ ಯೋಚಿಸಿದ. ವ್ಯಾಕರಣ ಬಂದಿರಲಿಲ್ಲ. ಲೆಕ್ಕ ಬಂದಿರಲಿಲ್ಲ. ಹಲಗಿಯೂ ಸರಿಯಾಗಿ ಬಂದಿರಲಿಲ್ಲ.

"ಯಾವುದೂ ಇಲ್ರಿ."

"ಮತ್ತ ಯಾಕ ಕುಣದಿ?"

ಹೊರಗೆ ಮಕ್ಕಳು ಇನ್ನೂ ಒಳಗೆ ಬಂದಿರಲಿಲ್ಲ. ಯಮನೂರಿ ಯಾರಿಗೋ ಪೆಟ್ಟು ಹೇಳಿಕೊಡುತ್ತಿದ್ದ. ಗದಿಗೆಪ್ಪನ ಮುಖದಲ್ಲಿ ತಾನಾಗಿಯೇ ಒಂದು ನಗು ಬಂತು. ಅದನ್ನು ಮುಚ್ಚಿಡಲು ಅವನಿಗೆ ಆಗಲಿಲ್ಲ.

"ಗೊತ್ತಿಲ್ಲ ಅಜ್ಜಾರ. ಭಾಳ ಖುಷಿ ಆತು. ಕುಣದೆ."

ಅಜ್ಜ ಅವನ ಬೆವರಿದ ಬೆನ್ನ ಮೇಲೆ ಕೈಯಿಟ್ಟು ಹೇಳಿದ:

"ಅದೊಂದನ್ನ ಕೂಲಿಗೆ ಹಚ್ಚಬ್ಯಾಡಪಾ."